ನಾಲ್ಕು ಹಂತದ ಮಿಕ್ಸರ್-ಸೆಟ್ಲರ್ ಕಿಟ್: ಮಡಿಕೇರಿಯ ಕಾಲೇಜು ಪ್ರಯೋಗಾಲಯದಲ್ಲಿ ಬಳಸಿ ನೋಡಿದ ಮೇಲೆ

ನೀರಿನಲ್ಲಿ ಕರಗಿರುವ ಪದಾರ್ಥವನ್ನು ನೀರಿನೊಡನೆ ಬೆರೆಯದ ಇನ್ನೊಂದು ದ್ರವಕ್ಕೆ ಎಳೆದುಕೊಳ್ಳುವ ದ್ರಾವಕ ನಿಷ್ಕರ್ಷಣೆಯನ್ನು ಪದವಿ ತರಗತಿಯ ವಿದ್ಯಾರ್ಥಿಗಳಿಗೆ ಕಣ್ಣಾರೆ ತೋರಿಸುವ ಉದ್ದೇಶದಿಂದ ನಮ್ಮ ರಸಾಯನಶಾಸ್ತ್ರ ವಿಭಾಗ ಮೈಸೂರಿನ ವ್ಯಾಪಾರಿಯೊಬ್ಬರ ಮೂಲಕ ಒಂದು ಬೋಧನಾ ಕಿಟ್ ತರಿಸಿಕೊಂಡಿತ್ತು. ಬೇಸಿಗೆಯಲ್ಲೂ ಮಳೆಗಾಲದಲ್ಲೂ ಅದನ್ನು ಬಳಸಿ ನೋಡಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಬೆಲೆ 40,000 ರೂಪಾಯಿಗೆ ಸ್ವಲ್ಪ ಮೇಲೆ. ಕೊಡಗಿನಂಥ ಜಿಲ್ಲೆಯ ಸಾಮಾನ್ಯ ಕಾಲೇಜೊಂದಕ್ಕೆ ಇದು ಸಣ್ಣ ಮೊತ್ತವಲ್ಲ. ಆದ್ದರಿಂದ ಕೊಳ್ಳಬೇಕೆಂದಿರುವವರಿಗೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಇದರ ಮಿಕ್ಸರ್-ಸೆಟ್ಲರ್ (ಎರಡು ದ್ರವಗಳನ್ನು ಕಲಕಿ, ಮತ್ತೆ ಪದರಗಳಾಗಿ ನಿಲ್ಲಲು ಬಿಡುವ ಉಪಕರಣ) ಮತ್ತು ಗಾಜಿನ ಸಾಮಾನುಗಳು ಕೊಟ್ಟ ಹಣಕ್ಕೆ ತಕ್ಕವು, ಲವಣಗಳು ಶುದ್ಧವಾಗಿವೆ, ಆದರೆ ಜೊತೆಗೆ ಬರುವ ಕೈಪಿಡಿಯನ್ನು ನಂಬಿ ಪ್ರಯೋಗ ಮಾಡಬಾರದು.

ಪೆಟ್ಟಿಗೆಯಲ್ಲಿ 250 ಮಿಲಿಲೀಟರ್ ಅಳತೆಯ ನಾಲ್ಕು ಸಪರೇಟಿಂಗ್ ಫನೆಲ್‌ಗಳು (ದ್ರವದ ಪದರಗಳನ್ನು ಬಿಡಿಸಿಕೊಳ್ಳುವ ಗಾಜಿನ ಪಾತ್ರೆಗಳು), ಪಾರದರ್ಶಕ ಪ್ಲಾಸ್ಟಿಕ್ಕಿನ ನಾಲ್ಕು ಹಂತದ ಮಿಕ್ಸರ್-ಸೆಟ್ಲರ್ ಒಂದು, ಅದರ ಕಲಕುಕಡ್ಡಿಗಳನ್ನು ತಿರುಗಿಸುವ ಸಣ್ಣ ಮೋಟರುಗಳು, ಎರಡು ಪಂಪು, ಕೊಳವೆಗಳು, ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ, ಕೈಯಲ್ಲಿ ಹಿಡಿದು ನೋಡುವ ಒಂದು ರೋಹಿತದರ್ಶಕ, ಪ್ರೇಸಿಯೋಡಿಮಿಯಂ, ನಿಯೋಡಿಮಿಯಂ ಮತ್ತು ಎರ್ಬಿಯಂ ಕ್ಲೋರೈಡುಗಳು, ಡೈ-2-ಈಥೈಲ್‌ಹೆಕ್ಸೈಲ್ ಫಾಸ್ಫಾರಿಕ್ ಆಮ್ಲದ ಒಂದು ಬಾಟಲಿ, ವಾಸನೆ ತೆಗೆದ ಸೀಮೆಎಣ್ಣೆಯ ಒಂದು ಡಬ್ಬಿ ಇರುತ್ತವೆ. ಲೋಹದ ಅಯಾನನ್ನು ಹಿಡಿದು ಎಣ್ಣೆಗೆ ಎಳೆಯುವ ಆ ಉದ್ದನೆಯ ಹೆಸರಿನ ಆಮ್ಲವನ್ನು ಮುಂದೆ ಡಿಇಎಚ್‌ಪಿಎ ಎಂದೇ ಕರೆಯುತ್ತೇನೆ. ವಿಕಿರಣಶೀಲ ಪದಾರ್ಥ ಯಾವುದೂ ಇದರಲ್ಲಿಲ್ಲ, ಇರಲೂಬಾರದು. ಯುರೇನಿಯಂ, ಥೋರಿಯಂ ಲವಣಗಳನ್ನು ಮಕ್ಕಳ ಕೈಗೆ ಕೊಡದೆಯೇ ಅವುಗಳ ಬೇರ್ಪಡಿಕೆಯ ತತ್ತ್ವವನ್ನು ವಿರಳ ಭೂಧಾತುಗಳ ಮೂಲಕ ಕಲಿಸಬಹುದು ಎಂಬುದೇ ಈ ಕಿಟ್‌ನ ಹಿಂದಿರುವ ಒಳ್ಳೆಯ ಆಲೋಚನೆ.

ಹೀಗೊಂದು ಕಿಟ್ ಬೇಕಾದದ್ದು ಏಕೆ ಎಂಬುದನ್ನು ಸ್ವಲ್ಪ ವಿವರಿಸಬೇಕು. ಲ್ಯಾಂಥನಮ್‌ನಿಂದ ಲುಟೀಷಿಯಂವರೆಗಿನ 15 ಧಾತುಗಳು, ಅಂದರೆ ಲ್ಯಾಂಥನೈಡುಗಳು, ಜೊತೆಗೆ ಸ್ಕ್ಯಾಂಡಿಯಂ ಮತ್ತು ಇಟ್ರಿಯಂ ಸೇರಿ ಒಟ್ಟು 17 ವಿರಳ ಭೂಧಾತುಗಳು. ಇವುಗಳಲ್ಲಿ ಬಹುತೇಕ ಎಲ್ಲವೂ ನೀರಿನಲ್ಲಿ ಮೂರು ಧನಾವೇಶದ ಅಯಾನುಗಳಾಗಿಯೇ ಇರುತ್ತವೆ. ಸಾಲಿನಲ್ಲಿ ಮುಂದೆ ಹೋದಂತೆ ಹೊಸ ಎಲೆಕ್ಟ್ರಾನುಗಳು ಒಳಗಿನ 4ಎಫ್ ಕಕ್ಷಕದಲ್ಲಿ ಸೇರುವುದರಿಂದ ಹೊರಮೈಯ ರಾಸಾಯನಿಕ ವರ್ತನೆ ಹೆಚ್ಚೇನೂ ಬದಲಾಗುವುದಿಲ್ಲ; ಅಯಾನಿನ ಗಾತ್ರ ಮಾತ್ರ ಮೆಲ್ಲಮೆಲ್ಲನೆ ಕುಗ್ಗುತ್ತದೆ. ಲ್ಯಾಂಥನಮ್ ಅಯಾನಿನ ತ್ರಿಜ್ಯ ಸುಮಾರು 103 ಪಿಕೋಮೀಟರ್, ಲುಟೀಷಿಯಂನದು ಸುಮಾರು 86. ಅಕ್ಕಪಕ್ಕದ ಪ್ರೇಸಿಯೋಡಿಮಿಯಂ ಮತ್ತು ನಿಯೋಡಿಮಿಯಂ ನಡುವಿನ ಅಂತರ ನೂರಕ್ಕೆ ಒಂದು ಭಾಗವೂ ಇಲ್ಲ. ನಮ್ಮ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿ ಬೀಜವನ್ನು ಜರಡಿಯ ತೂತಿನ ಗಾತ್ರಕ್ಕೆ ತಕ್ಕಂತೆ ದರ್ಜೆ ಮಾಡುವುದನ್ನು ನೋಡಿ ಬೆಳೆದ ವಿದ್ಯಾರ್ಥಿಗಳಿಗೆ ನಾನು ಹೇಳುವುದಿಷ್ಟು: ಇಲ್ಲಿರುವುದು ನೂರಕ್ಕೆ ಒಂದರಷ್ಟೂ ವ್ಯತ್ಯಾಸವಿಲ್ಲದ ಬೀಜಗಳು, ಮತ್ತು ನಮ್ಮ ಬಳಿ ಇರುವ ಜರಡಿಯ ತೂತುಗಳೂ ಅಷ್ಟು ನಿಖರವಾದವಲ್ಲ.

ಹಿಂದಿನವರು ಈ ಕೆಲಸವನ್ನು ಸ್ಫಟಿಕೀಕರಣದಿಂದಲೇ ಮಾಡಿದರು. ಸ್ವೀಡನ್ನಿನ ಮೊಸಾಂಡರ್ 1841ರಲ್ಲಿ ಒಂದೇ ಧಾತುವೆಂದು ಭಾವಿಸಿದ್ದ ಡಿಡಿಮಿಯಮ್ಮನ್ನು ಆಸ್ಟ್ರಿಯಾದ ಆವರ್ ಫಾನ್ ವೆಲ್ಸ್‌ಬಾಕ್ 1885ರಲ್ಲಿ ಪ್ರೇಸಿಯೋಡಿಮಿಯಂ ಮತ್ತು ನಿಯೋಡಿಮಿಯಂ ಎಂದು ಎರಡಾಗಿ ಬಿಡಿಸಿದರು. ಅಮೆರಿಕದ ಚಾರ್ಲ್ಸ್ ಜೇಮ್ಸ್ ಶುದ್ಧ ಥೂಲಿಯಂ ಲವಣಕ್ಕಾಗಿ ಸುಮಾರು 15,000 ಬಾರಿ ಮರುಸ್ಫಟಿಕೀಕರಣ ಮಾಡಿ 1911ರಲ್ಲಿ ಫಲ ಕಂಡರು. ಇದೇ ವೆಲ್ಸ್‌ಬಾಕ್ ಗ್ಯಾಸ್ ಮ್ಯಾಂಟಲ್ಲನ್ನೂ ರೂಪಿಸಿದವರು. ಕರೆಂಟು ಹೋದ ಮಳೆಗಾಲದ ರಾತ್ರಿಗಳಲ್ಲಿ ನಮ್ಮ ತೋಟದ ಮನೆಗಳಲ್ಲಿ ಉರಿಯುತ್ತಿದ್ದ ಪೆಟ್ರೋಮ್ಯಾಕ್ಸಿನ ಬಿಳಿ ಬೆಳಕು ನೂರಕ್ಕೆ 99 ಭಾಗ ಥೋರಿಯಂ ಆಕ್ಸೈಡಿಗೆ ಒಂದು ಭಾಗ ಸೀರಿಯಂ ಆಕ್ಸೈಡ್ ಬೆರೆಸಿದ ಅವರ ಮ್ಯಾಂಟಲ್ಲಿನಿಂದಲೇ ಬಂದದ್ದು. ವಿಕಿರಣಶೀಲ ಥೋರಿಯಂ ಮತ್ತು ವಿರಳ ಭೂಧಾತುಗಳು ಒಂದೇ ಖನಿಜದಲ್ಲಿ ಬೆರೆತು ಬರುತ್ತವೆ ಎಂಬುದನ್ನು ಮಕ್ಕಳಿಗೆ ನೆನಪಿಸಲು ನಾನು ಈ ದೀಪವನ್ನೇ ಉದಾಹರಣೆಯಾಗಿ ಕೊಡುತ್ತೇನೆ.

ಆ ಖನಿಜ ಮೊನಜೈಟ್. ಕೇರಳದ ಚವರ, ತಮಿಳುನಾಡಿನ ಮಣವಾಳಕುರಿಚಿ ಕಡಲತೀರದ ಮರಳಿನಲ್ಲಿ ಅದು ಸಿಗುತ್ತದೆ. ನಮ್ಮ ದೇಶದ ಮೊನಜೈಟಿನಲ್ಲಿ ಅರ್ಧಕ್ಕಿಂತ ಹೆಚ್ಚು ವಿರಳ ಭೂಧಾತುಗಳ ಆಕ್ಸೈಡುಗಳೂ ನೂರಕ್ಕೆ ಎಂಟು-ಒಂಬತ್ತು ಭಾಗದಷ್ಟು ಥೋರಿಯಂ ಆಕ್ಸೈಡೂ ಅಲ್ಪ ಪ್ರಮಾಣದ ಯುರೇನಿಯಂ ಕೂಡ ಇರುತ್ತವೆ. 1950ರಲ್ಲಿ ಸ್ಥಾಪನೆಯಾದ ಇಂಡಿಯನ್ ರೇರ್ ಅರ್ಥ್ಸ್ ಸಂಸ್ಥೆ 1952ರಲ್ಲಿ ಆಲುವಾದಲ್ಲಿ ಇದರ ಸಂಸ್ಕರಣೆ ಆರಂಭಿಸಿತು. ಖನಿಜವನ್ನು ಕಾಸ್ಟಿಕ್ ಸೋಡಾದೊಂದಿಗೆ ಕಾಯಿಸಿ ಫಾಸ್ಫೇಟನ್ನು ತೆಗೆದ ಮೇಲೆ ಉಳಿಯುವ ಹೈಡ್ರಾಕ್ಸೈಡುಗಳಲ್ಲಿ ಥೋರಿಯಂ ನಾಲ್ಕು ಆವೇಶದ್ದಾದ್ದರಿಂದ ಮೂರು ಆವೇಶದ ವಿರಳ ಭೂಧಾತುಗಳಿಂದ ಅದನ್ನು ಬಿಡಿಸುವುದು ಅಷ್ಟು ಕಷ್ಟವಲ್ಲ. ಥೋರಿಯಂನ ಸರಣಿಯಲ್ಲೇ ಹುಟ್ಟುವ ರೇಡಿಯಂ-228 ಅನ್ನು ಬೇರಿಯಂ ಸಲ್ಫೇಟಿನ ಜೊತೆ ಅವಕ್ಷೇಪಿಸಿ ತೆಗೆಯುತ್ತಾರೆ. ನಿಜವಾದ ಕಷ್ಟ ಆರಂಭವಾಗುವುದು ಆಮೇಲೆ, ಒಂದೇ ಆವೇಶದ, ಒಂದೇ ಸ್ವಭಾವದ ಲ್ಯಾಂಥನೈಡುಗಳನ್ನು ಒಂದರಿಂದೊಂದು ಬಿಡಿಸಲು ಹೊರಟಾಗ.

ಈಗ ಕಿಟ್‌ಗೆ ಬರೋಣ. ಮೊದಲ ಪ್ರಯೋಗ ಪ್ರೇಸಿಯೋಡಿಮಿಯಂ ಮತ್ತು ಎರ್ಬಿಯಂ ಬೇರ್ಪಡಿಕೆ. ಇದು ಚೆನ್ನಾಗಿ ಆರಿಸಿದ ಜೋಡಿ. ಪ್ರೇಸಿಯೋಡಿಮಿಯಂ ದ್ರಾವಣ ಎಳೆಹಸಿರು, ಎರ್ಬಿಯಂ ದ್ರಾವಣ ಗುಲಾಬಿ. ಡಿಇಎಚ್‌ಪಿಎ ಭಾರವಾದ, ಅಂದರೆ ಗಾತ್ರದಲ್ಲಿ ಚಿಕ್ಕದಾದ ಅಯಾನನ್ನು ಹೆಚ್ಚು ಬಲವಾಗಿ ಹಿಡಿಯುತ್ತದೆ. ಎರಡನ್ನೂ ಬೆರೆಸಿ, ಆಮ್ಲತೆಯನ್ನು ಹದವಾಗಿ ಇಟ್ಟು, ಸೀಮೆಎಣ್ಣೆಯಲ್ಲಿ ಕರಗಿಸಿದ ಡಿಇಎಚ್‌ಪಿಎ ಜೊತೆ ಫನೆಲ್‌ನಲ್ಲಿ ಕುಲುಕಿ ನಿಲ್ಲಿಸಿದರೆ ಮೇಲಿನ ಎಣ್ಣೆಯ ಪದರ ಗುಲಾಬಿಯಾಗುತ್ತದೆ, ಕೆಳಗಿನ ನೀರಿನ ಪದರದಲ್ಲಿ ಹಸಿರು ಉಳಿಯುತ್ತದೆ. ಇದನ್ನು ಕಂಡಾಗ ತರಗತಿಯಲ್ಲಿ ಉಂಟಾಗುವ ಉತ್ಸಾಹವನ್ನು ಹಲಗೆಯ ಮೇಲೆ ಬರೆದ ಯಾವ ಸಮೀಕರಣವೂ ತಂದುಕೊಡಲಾರದು.

ಆದರೆ ಕೈಪಿಡಿ ಹೇಳುವಂತೆ ನೂರಕ್ಕೆ 5 ಭಾಗ ಡಿಇಎಚ್‌ಪಿಎ ಬಳಸಿ, ಲೀಟರಿಗೆ 0.1 ಮೋಲ್ ಎರ್ಬಿಯಂ ಇರುವ ದ್ರಾವಣವನ್ನು ಕುಲುಕಿದಾಗ ಫನೆಲ್‌ನೊಳಗೆ ಪದರಗಳ ಬದಲು ಲೋಳೆಯಂಥ ಗಟ್ಟಿ ಪದಾರ್ಥ ಕಟ್ಟಿಕೊಂಡಿತು. ಕಾರಣ ಸರಳ ಲೆಕ್ಕದಲ್ಲಿದೆ. ಈ ಆಮ್ಲದ ಅಣುಗಳು ಸೀಮೆಎಣ್ಣೆಯಲ್ಲಿ ಎರಡೆರಡಾಗಿ ಜೋಡಿಗೂಡಿರುತ್ತವೆ. ಒಂದು ಲೋಹ ಅಯಾನನ್ನು ಸರಿಯಾಗಿ ಸುತ್ತುವರಿಯಲು ಅಂಥ ಮೂರು ಜೋಡಿ, ಅಂದರೆ ಆರು ಅಣುಗಳು ಬೇಕು. ನೂರಕ್ಕೆ 5 ಭಾಗದ ಮಿಶ್ರಣದಲ್ಲಿ ಲೀಟರಿಗೆ ಸುಮಾರು 0.15 ಮೋಲ್ ಆಮ್ಲವಷ್ಟೇ ಇರುತ್ತದೆ, ಬೇಕಾದದ್ದು 0.6. ಅಣುಗಳು ಸಾಲದೆ ಬಂದಾಗ ಒಂದೇ ಅಣು ಎರಡು ಲೋಹ ಅಯಾನುಗಳ ನಡುವೆ ಸೇತುವೆಯಾಗಿ ನಿಂತು ಸರಪಳಿ ಬೆಳೆಯುತ್ತದೆ, ಅದೇ ಈ ಲೋಳೆ. ನಾವು ಆಮ್ಲವನ್ನು ನೂರಕ್ಕೆ 20 ಭಾಗಕ್ಕೆ ಏರಿಸಿ, ಲೋಹದ ಪ್ರಮಾಣವನ್ನು ಅರ್ಧಕ್ಕೆ ಇಳಿಸಿದ ಮೇಲೆ ಪ್ರಯೋಗ ಸಲೀಸಾಗಿ ನಡೆಯಿತು. ಕಿಟ್‌ನಲ್ಲಿ ಕೊಟ್ಟಿರುವ ಡಿಇಎಚ್‌ಪಿಎ ಈ ಪ್ರಮಾಣಕ್ಕೆ ಬೇಗ ಖಾಲಿಯಾಗುತ್ತದೆ ಎಂಬುದನ್ನು ಕೊಳ್ಳುವವರು ಗಮನದಲ್ಲಿಡಬೇಕು.

ಎರಡನೆಯ ತಪ್ಪು ಇನ್ನೂ ದೊಡ್ಡದು. ಎಣ್ಣೆಗೆ ಹೋದ ಎರ್ಬಿಯಮ್ಮನ್ನು ಮರಳಿ ನೀರಿಗೆ ಇಳಿಸುವ ಹಂತಕ್ಕೆ, ಅಂದರೆ ಸ್ಟ್ರಿಪ್ಪಿಂಗ್‌ಗೆ, ಕೈಪಿಡಿ ಒಂದು ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ ಸಾಕೆನ್ನುತ್ತದೆ. ಅದರಿಂದ ಗುಲಾಬಿ ಬಣ್ಣ ಎಣ್ಣೆಯಿಂದ ಕದಲುವುದಿಲ್ಲ. ಭಾರ ಲ್ಯಾಂಥನೈಡುಗಳನ್ನು ಡಿಇಎಚ್‌ಪಿಎಯ ಹಿಡಿತದಿಂದ ಬಿಡಿಸಲು ಇದಕ್ಕಿಂತ ಎಷ್ಟೋ ತೀವ್ರವಾದ ಆಮ್ಲ ಬೇಕಾಗುತ್ತದೆ. ನಾವು ಆರು ಮೋಲಾರ್ ಆಮ್ಲದಿಂದ ಕುಲುಕಿದಾಗ ಬಣ್ಣ ಇಳಿಯಿತು. ಕಾರ್ಖಾನೆಗಳಲ್ಲಿಯೂ ಇದೇ ತೊಡಕು ಇದ್ದುದರಿಂದಲೇ ಫಾಸ್ಫಾರಿಕ್ ಆಮ್ಲದ ಬದಲು ಫಾಸ್ಫೋನಿಕ್ ಆಮ್ಲದ ಜಾತಿಯ ಪಿ507, ಪಿಸಿ-88ಎ ಎಂಬ ಹೆಸರಿನ ನಿಷ್ಕರ್ಷಕಗಳು ಬಳಕೆಗೆ ಬಂದವು. ಅವು ಲೋಹವನ್ನು ಸ್ವಲ್ಪ ಸಡಿಲವಾಗಿ ಹಿಡಿಯುವುದರಿಂದ ಕಡಿಮೆ ಆಮ್ಲದಲ್ಲೇ ಬಿಟ್ಟುಕೊಡುತ್ತವೆ. ಹಿಡಿಯುವ ಬಲದ ಹಾಗೆಯೇ ಬಿಡುವ ಸೌಲಭ್ಯವೂ ನಿಷ್ಕರ್ಷಕದ ಗುಣವೇ ಎಂಬ ಈ ಸಂಗತಿ ಪಾಠಕ್ಕೆ ಎಷ್ಟು ಮುಖ್ಯವೆಂದರೆ, ಕೈಪಿಡಿ ಅದನ್ನು ಒಂದು ಸಾಲಿನಲ್ಲಾದರೂ ಹೇಳಬೇಕಿತ್ತು.

ಆಮ್ಲತೆಯ ವಿಷಯದಲ್ಲಿ ಕಿಟ್ ತುಂಬ ಒಳ್ಳೆಯ ಪಾಠ ಕಲಿಸುತ್ತದೆ. ಒಂದು ಲೋಹ ಅಯಾನು ಎಣ್ಣೆಗೆ ಹೋದಾಗ ಮೂರು ಹೈಡ್ರೋಜನ್ ಅಯಾನುಗಳು ನೀರಿಗೆ ಬರುತ್ತವೆ. ಆದ್ದರಿಂದ ಎಣ್ಣೆಗೂ ನೀರಿಗೂ ನಡುವೆ ಲೋಹ ಹಂಚಿಕೊಳ್ಳುವ ಅನುಪಾತ ಹೈಡ್ರೋಜನ್ ಅಯಾನಿನ ಸಾಂದ್ರತೆಯ ಘನಕ್ಕೆ ವಿಲೋಮವಾಗಿರುತ್ತದೆ. ಪಿಎಚ್ ಒಂದು ಅಂಶ ಏರಿದರೆ ಈ ವಿತರಣಾ ಅನುಪಾತ ಸಾವಿರ ಪಟ್ಟು ಹೆಚ್ಚುತ್ತದೆ. ವಿದ್ಯಾರ್ಥಿಗಳು ಆಮ್ಲವನ್ನು ಸ್ವಲ್ಪಸ್ವಲ್ಪವೇ ಬದಲಿಸಿ ಬಣ್ಣ ಯಾವ ಪದರಕ್ಕೆ ಹೋಗುತ್ತದೆಂದು ನೋಡುವ ಈ ಪ್ರಯೋಗವನ್ನು ಯಾವ ಕಾಲೇಜೂ ಬಿಡಬಾರದು.

ಫನೆಲ್‌ಗಳ ಗುಣಮಟ್ಟ ನಿಜಕ್ಕೂ ಮೆಚ್ಚುವಂಥದ್ದು. ಗಾಜಿನ ಬಿರಡೆಯ ಬದಲು ಟೆಫ್ಲಾನ್ ಬಿರಡೆ ಇರುವುದರಿಂದ ಗ್ರೀಸ್ ಹಚ್ಚಬೇಕಾಗಿಲ್ಲ. ಹಚ್ಚಿದ ಗ್ರೀಸ್ ಸೀಮೆಎಣ್ಣೆಯಲ್ಲಿ ಕರಗಿ ಪದರಗಳ ನಡುವಿನ ಗೆರೆಯನ್ನು ಕೆಡಿಸುತ್ತಿತ್ತು. ಚಳಿಯಲ್ಲಿ ಟೆಫ್ಲಾನ್ ಸ್ವಲ್ಪ ಸಡಿಲಗೊಳ್ಳುವುದರಿಂದ ಬೆಳಿಗ್ಗೆ ತಿರುಪನ್ನು ಒಮ್ಮೆ ಬಿಗಿ ಮಾಡಿಕೊಂಡರೆ ಸಾಕು. ಘಾಟಿ ರಸ್ತೆಯಲ್ಲಿ ಬಂದರೂ ಒಂದು ಗಾಜೂ ಒಡೆದಿರಲಿಲ್ಲ, ಕಟ್ಟುವಿಕೆ ಅಷ್ಟು ಜಾಗರೂಕವಾಗಿತ್ತು.

ಫನೆಲ್‌ಗಳಿಂದಲೇ ಮಾಡಿಸಬಹುದಾದ, ಕೈಪಿಡಿಯಲ್ಲಿ ಇಲ್ಲದ ಒಂದು ಲೆಕ್ಕವನ್ನು ನಾನು ಸೇರಿಸಿಕೊಂಡಿದ್ದೇನೆ. ವಿತರಣಾ ಅನುಪಾತ 4 ಇರುವ ಲೋಹದ 100 ಮಿಲಿಲೀಟರ್ ದ್ರಾವಣವನ್ನು 100 ಮಿಲಿಲೀಟರ್ ದ್ರಾವಕದಿಂದ ಒಮ್ಮೆ ಕುಲುಕಿದರೆ ನೀರಿನಲ್ಲಿ ಐದರಲ್ಲೊಂದು ಭಾಗ, ಅಂದರೆ ನೂರಕ್ಕೆ 20 ಉಳಿಯುತ್ತದೆ. ಅದೇ ದ್ರಾವಕವನ್ನು 50ರಂತೆ ಎರಡು ಪಾಲು ಮಾಡಿ ಎರಡು ಬಾರಿ ಕುಲುಕಿದರೆ ಒಂಬತ್ತರಲ್ಲೊಂದು ಭಾಗ ಉಳಿಯುತ್ತದೆ. 25ರಂತೆ ನಾಲ್ಕು ಪಾಲು ಮಾಡಿದರೆ ಹದಿನಾರರಲ್ಲೊಂದು, ನೂರಕ್ಕೆ ಸುಮಾರು 6. ಕಿಟ್‌ನಲ್ಲಿ ನಾಲ್ಕು ಫನೆಲ್‌ಗಳಿರುವುದರಿಂದ ಈ ಮೂರೂ ಲೆಕ್ಕವನ್ನು ಒಂದೇ ತರಗತಿಯಲ್ಲಿ ಬಣ್ಣಮಾಪಕದಿಂದ ಅಳೆದು ಸರಿನೋಡಬಹುದು.

ಇಷ್ಟಾದರೂ ಫನೆಲ್ ಒಂದೇ ಸಾಲದು ಎಂಬುದನ್ನು ಪ್ರೇಸಿಯೋಡಿಮಿಯಂ-ನಿಯೋಡಿಮಿಯಂ ಜೋಡಿ ತೋರಿಸಿಕೊಡುತ್ತದೆ, ಮತ್ತು ಈ ಕಿಟ್‌ಗೆ ಹಣ ಕೊಡಬೇಕಾದದ್ದು ಮುಖ್ಯವಾಗಿ ಇದಕ್ಕಾಗಿಯೇ. ಎರಡು ಧಾತುಗಳ ವಿತರಣಾ ಅನುಪಾತಗಳ ಭಾಗಲಬ್ಧವನ್ನು ಬೇರ್ಪಡಿಕೆ ಗುಣಾಂಕ ಎನ್ನುತ್ತೇವೆ. ಡಿಇಎಚ್‌ಪಿಎಯಲ್ಲಿ ಅಕ್ಕಪಕ್ಕದ ಲ್ಯಾಂಥನೈಡುಗಳಿಗೆ ಅದು ಸರಾಸರಿ ಸುಮಾರು 2.5, ಈ ಜೋಡಿಗೆ ಮಾತ್ರ ಒಂದೂವರೆಯ ಆಸುಪಾಸು. ಸಮಪಾಲಿನ ಮಿಶ್ರಣವನ್ನು ಒಮ್ಮೆ ಕುಲುಕಿದಾಗ ನಿಯೋಡಿಮಿಯಂನಲ್ಲಿ ನೂರಕ್ಕೆ 60 ಎಣ್ಣೆಗೆ ಹೋದರೆ ಪ್ರೇಸಿಯೋಡಿಮಿಯಂನಲ್ಲೂ 50 ಹೋಗಿರುತ್ತದೆ. ಎಣ್ಣೆಯಲ್ಲಿ ಸಿಗುವ ನಿಯೋಡಿಮಿಯಂನ ಶುದ್ಧತೆ ನೂರಕ್ಕೆ 54 ಅಥವಾ 55. ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಪೊನ್ನಂಪೇಟೆ ಕಡೆಯ ವಿದ್ಯಾರ್ಥಿನಿಯೊಬ್ಬಳು, "ಸರ್, ಇಷ್ಟಕ್ಕೆ ಇದನ್ನು ಬೇರ್ಪಡಿಸಿದ್ದು ಅಂತ ಹೇಗೆ ಹೇಳೋದು?" ಎಂದು ಕೇಳಿದಳು. ಸರಿಯಾದ ಪ್ರಶ್ನೆ. ಒಂದು ಸಲದ ಕುಲುಕುವಿಕೆ ಬೇರ್ಪಡಿಕೆಯಲ್ಲ. ಆ ಅಲ್ಪ ವ್ಯತ್ಯಾಸವನ್ನು ಕಳೆಯದೆ ಮುಂದಿನ ಹಂತಕ್ಕೆ ದಾಟಿಸುತ್ತ ಗುಣಿಸಿಕೊಂಡು ಹೋಗುವ ವ್ಯವಸ್ಥೆಯೇ ಬೇರ್ಪಡಿಕೆ.

ಮಿಕ್ಸರ್-ಸೆಟ್ಲರ್ ಮಾಡುವುದು ಅದನ್ನೇ. ಪ್ರತಿ ಹಂತದಲ್ಲೂ ಒಂದು ಕಲಕುವ ಕೋಣೆ, ಅದರ ಪಕ್ಕದಲ್ಲಿ ಪದರಗಳು ನಿಂತು ತಿಳಿಯಾಗುವ ಒಂದು ಕೋಣೆ. ಎಣ್ಣೆ ಎಡದಿಂದ ಬಲಕ್ಕೆ ಹರಿದರೆ ನೀರು ಬಲದಿಂದ ಎಡಕ್ಕೆ ಹರಿಯುತ್ತದೆ. ಹೊರಗೆ ಹೋಗುವ ಎಣ್ಣೆಯನ್ನು ಶುದ್ಧ ನಿಯೋಡಿಮಿಯಂ ಇರುವ ಸ್ವಲ್ಪ ಆಮ್ಲದಿಂದ ತೊಳೆದರೆ ಅದರಲ್ಲಿ ಸೇರಿಕೊಂಡ ಪ್ರೇಸಿಯೋಡಿಮಿಯಂ ನೀರಿಗೆ ಮರಳುತ್ತದೆ. ಆದರ್ಶ ಸ್ಥಿತಿಯಲ್ಲಿ ನಾಲ್ಕು ಹಂತಗಳ ಎರಡು ತುದಿಗಳಲ್ಲಿನ ಅನುಪಾತಗಳ ನಡುವೆ ಒಂದೂವರೆಯ ನಾಲ್ಕನೆಯ ಘಾತ, ಅಂದರೆ ಸುಮಾರು 5 ಪಟ್ಟು ವ್ಯತ್ಯಾಸ ಬರಬೇಕು. ಮಧ್ಯದಲ್ಲಿ ಸಮಪಾಲು ಇದ್ದರೆ ಒಂದು ತುದಿಯಲ್ಲಿ ನಿಯೋಡಿಮಿಯಂ ನೂರಕ್ಕೆ 69ರಷ್ಟು, ಇನ್ನೊಂದರಲ್ಲಿ 31ರಷ್ಟು. ನಮಗೆ ದೊರೆತದ್ದು 60ರ ಆಸುಪಾಸು. ಕಲಕುವಿಕೆ ಪೂರ್ಣವಾಗದಿರುವುದನ್ನೂ ಮಧ್ಯೆ ಕರೆಂಟು ಹೋಗುವುದನ್ನೂ ಗಣನೆಗೆ ತೆಗೆದುಕೊಂಡರೆ ಇದು ಒಳ್ಳೆಯ ಫಲಿತಾಂಶವೇ. ಎರಡೂ ತುದಿಗಳಲ್ಲಿ ನೂರಕ್ಕೆ 99.9 ಶುದ್ಧತೆ ಬೇಕೆಂದರೆ ತುದಿಗಳ ನಡುವಿನ ವ್ಯತ್ಯಾಸ ಹತ್ತು ಲಕ್ಷ ಪಟ್ಟಾಗಬೇಕು, ಅದಕ್ಕೆ ಕಡಿಮೆಯೆಂದರೂ 34 ಹಂತಗಳು ಬೇಕು. ಉತ್ಪನ್ನವನ್ನು ನಿರಂತರವಾಗಿ ಹೊರತೆಗೆಯುವ ಕಾರ್ಖಾನೆಯಲ್ಲಿ ಇನ್ನೂ ಎಷ್ಟೋ ಹೆಚ್ಚು. ಪೀಕಿಂಗ್ ವಿಶ್ವವಿದ್ಯಾಲಯದ ಶು ಗುವಾಂಗ್‌ಶಿಯಾನ್ 1970ರ ದಶಕದಲ್ಲಿ ಇದೇ ಜೋಡಿಯಿಂದ ಆರಂಭಿಸಿ ಇಂಥ ಹಂತಗಳ ಸರಣಿಯನ್ನು ಲೆಕ್ಕದಿಂದಲೇ ವಿನ್ಯಾಸಗೊಳಿಸುವ ಸಿದ್ಧಾಂತವನ್ನು ಬೆಳೆಸಿದರು. ವಿರಳ ಭೂಧಾತುಗಳಲ್ಲಿ ಚೀನಾ ಪಡೆದ ಮೇಲುಗೈಗೆ ಗಣಿಗಳಷ್ಟೇ ಈ ಲೆಕ್ಕವೂ ಕಾರಣ. ವಿದ್ಯುತ್ ವಾಹನದ ಮೋಟರಿನಲ್ಲಿರುವ ನಿಯೋಡಿಮಿಯಂ ಅಯಸ್ಕಾಂತದ ಬೆಲೆಯ ಹಿಂದೆ ಏನೆಲ್ಲ ಇದೆಯೆಂದು ವಿದ್ಯಾರ್ಥಿಗಳಿಗೆ ಇಲ್ಲಿ ಸ್ಪಷ್ಟವಾಗುತ್ತದೆ.

ಬೇಸರದ ಸಂಗತಿಯೆಂದರೆ, ಕೈಪಿಡಿಯ ಚಿತ್ರದಲ್ಲಿ ಎಣ್ಣೆ ಮತ್ತು ನೀರು ಎರಡನ್ನೂ ಒಂದೇ ದಿಕ್ಕಿನಲ್ಲಿ ಹರಿಯುವಂತೆ ಬಾಣ ಹಾಕಿ ತೋರಿಸಿದ್ದಾರೆ. ಎರಡೂ ಜೊತೆಯಾಗಿ ಹರಿದರೆ ಮೊದಲ ಹಂತದಲ್ಲೇ ಸಮತೋಲ ಮುಟ್ಟಿ ಉಳಿದ ಮೂರು ಹಂತಗಳು ಸುಮ್ಮನೆ ತಿರುಗುತ್ತಿರುತ್ತವೆ. ಇಡೀ ಉಪಕರಣದ ತಿರುಳನ್ನೇ ಅಳಿಸಿಹಾಕುವ ತಪ್ಪು ಇದು. ಕೊಂಡವರು ಮೊದಲ ದಿನವೇ ಆ ಪುಟದ ಬಾಣಗಳನ್ನು ತಿದ್ದಿಕೊಳ್ಳಲಿ.

ಶುದ್ಧತೆ ಅಳೆಯುವ ಬಗ್ಗೆ ಎರಡು ಮಾತು. ಕಿಟ್‌ನ ಕೈರೋಹಿತದರ್ಶಕದಲ್ಲಿ ನಿಯೋಡಿಮಿಯಂನ ಹಳದಿ ಭಾಗದ ಕಪ್ಪು ಪಟ್ಟಿ, ಸುಮಾರು 575 ನ್ಯಾನೋಮೀಟರಿನಲ್ಲಿ, ಚೆನ್ನಾಗಿ ಕಾಣುತ್ತದೆ. ಪ್ರೇಸಿಯೋಡಿಮಿಯಂನ ನೀಲಿ ಭಾಗದ ಪಟ್ಟಿಗಳು 444ರ ಸುತ್ತ ಇದ್ದು ಸ್ವಲ್ಪ ಮಸುಕು. ಪ್ರಮಾಣ ಬೇಕಾದರೆ ವಿಭಾಗದ ಸ್ಪೆಕ್ಟ್ರೋಫೋಟೋಮೀಟರನ್ನೇ ಬಳಸಬೇಕು. ಜೂನ್-ಜುಲೈ ತಿಂಗಳಲ್ಲಿ ಮಡಿಕೇರಿಯಲ್ಲಿ ಹಗಲಿನಲ್ಲೂ ಟ್ಯೂಬ್‌ಲೈಟ್ ಹಾಕಿಕೊಂಡೇ ಪಾಠ ಮಾಡಬೇಕಾಗುತ್ತದೆ. ಬಿಸಿಲಿನಲ್ಲಿ ನೇರಳೆಯಾಗಿ ಕಾಣುವ ನಿಯೋಡಿಮಿಯಂ ದ್ರಾವಣ ಟ್ಯೂಬ್‌ಲೈಟಿನ ಕೆಳಗೆ ಮಸುಕು ನೀಲಿಯಾಗಿ ಕಾಣುತ್ತದೆ. ಆ ಬೆಳಕಿನಲ್ಲಿ ಬೇರೆ ಬೇರೆ ಬಣ್ಣಗಳು ಬಿಸಿಲಿನಲ್ಲಿರುವ ಪ್ರಮಾಣದಲ್ಲಿ ಇರದಿರುವುದೇ ಇದಕ್ಕೆ ಕಾರಣ. ಬಣ್ಣ ನೋಡಿ ತೀರ್ಮಾನಿಸುವ ಪ್ರಯೋಗಗಳನ್ನು ಕಿಟಕಿಯ ಬಳಿಯಲ್ಲೇ ಮಾಡಿಸುವುದು ಒಳ್ಳೆಯದು.

ಮಳೆಗಾಲದ ಚಳಿ ಇನ್ನೊಂದು ರೀತಿಯಲ್ಲೂ ತೊಂದರೆ ಕೊಡುತ್ತದೆ. ತಾಪ ಇಳಿದಂತೆ ಎಣ್ಣೆಯ ಸ್ನಿಗ್ಧತೆ ಹೆಚ್ಚಿ, ಬೇಸಿಗೆಯಲ್ಲಿ ಬೇಗ ಬೇರೆಯಾಗುತ್ತಿದ್ದ ಪದರಗಳು ಬಹಳ ಹೊತ್ತು ಮೊಸರಿನಂತೆ ನಿಲ್ಲುತ್ತವೆ. ಡಿಇಎಚ್‌ಪಿಎಯ ಸಾಂದ್ರತೆ ನೀರಿಗೆ ಬಹಳ ಹತ್ತಿರ, ಸುಮಾರು 0.97, ಸೀಮೆಎಣ್ಣೆಯದು ಸುಮಾರು 0.8. ಎಣ್ಣೆ ಬೆರೆಸುವುದೇ ಪದರಗಳು ಬೇಗ ಬೇರೆಯಾಗಲಿ ಎಂದು. ಪಂಪಿನ ವೇಗವನ್ನು ಅರ್ಧಕ್ಕಿಳಿಸಿದಾಗ ಮಳೆಗಾಲದಲ್ಲೂ ಉಪಕರಣ ಸರಿಯಾಗಿ ನಡೆಯಿತು. ಡಬ್ಬಿಯ ಸೀಮೆಎಣ್ಣೆ ಮುಗಿದಾಗ ಪಡಿತರದ ಸೀಮೆಎಣ್ಣೆಯನ್ನು ಬಳಸಲು ಹೋಗಬೇಡಿ. ಅದಕ್ಕೆ ಹಾಕಿರುವ ನೀಲಿ ಬಣ್ಣ ಈ ಧಾತುಗಳ ತೆಳು ಬಣ್ಣವನ್ನೆಲ್ಲ ಮುಚ್ಚಿಹಾಕುತ್ತದೆ.

ಕೊಳವೆಗಳು ಈ ಕಿಟ್‌ನ ದುರ್ಬಲ ಭಾಗ. ಮೆತ್ತನೆಯ ಪಿವಿಸಿ ಕೊಳವೆಗಳನ್ನು ಕೊಟ್ಟಿದ್ದಾರೆ. ಅದನ್ನು ಮೆತ್ತಗಿಡುವ ಪದಾರ್ಥವನ್ನು ಸೀಮೆಎಣ್ಣೆ ಹೀರಿಕೊಳ್ಳುವುದರಿಂದ ಕೆಲವೇ ವಾರಗಳಲ್ಲಿ ಅವು ಗಟ್ಟಿಯಾಗಿ ಜೋಡಣೆಯ ಕಡೆ ಸೋರತೊಡಗಿದವು. ಪ್ರಯೋಗಾಲಯದ ರಬ್ಬರ್ ಕೊಳವೆ ಹಾಕಿದರೆ ಅದು ಊದಿಕೊಳ್ಳುತ್ತದೆ. ಟೆಫ್ಲಾನ್ ಕೊಳವೆ ತರಿಸಿ ಹಾಕಿದ ಮೇಲೆ ಸಮಸ್ಯೆ ತೀರಿತು. ಮಾರಿದವರಿಗೆ ಬರೆದಾಗ ಉತ್ತರ ಬಂತು, ಬದಲಿ ಕೊಳವೆ ಬರಲಿಲ್ಲ.

ಕೈಪಿಡಿಯ ಕೊನೆಯ ಅಧ್ಯಾಯ ವಿಕಿರಣಶೀಲ ಧಾತುಗಳ ಬಗ್ಗೆ. ಅಲ್ಲಿ ಯುರೇನಿಯಂ ಮತ್ತು ಪ್ಲುಟೋನಿಯಂ ಕೂಡ ಪ್ರೇಸಿಯೋಡಿಮಿಯಂ-ನಿಯೋಡಿಮಿಯಂ ಹಾಗೆಯೇ ಒಂದನ್ನೊಂದು ಹೋಲುವ ಜೋಡಿ ಎಂದು ಬರೆದಿದ್ದಾರೆ. ಇದು ವಿದ್ಯಾರ್ಥಿಗಳನ್ನು ದಾರಿ ತಪ್ಪಿಸುವ ಮಾತು. ಯುರೇನಿಯಂನ ಲವಣವಾದ ಯುರೇನಿಲ್ ನೈಟ್ರೇಟ್ ಈಥರಿನಲ್ಲಿ ಕರಗುತ್ತದೆಂಬುದನ್ನು ಫ್ರಾನ್ಸಿನ ಪೆಲಿಗೋ 1842ರಲ್ಲೇ ಕಂಡುಕೊಂಡಿದ್ದರು. ಆ ಗುಣವೇ ಮುಂದೆ ಪ್ಯುರೆಕ್ಸ್ ಎಂಬ ವಿಧಾನಕ್ಕೆ ದಾರಿಯಾಯಿತು. ಉಪಯೋಗಿಸಿದ ಪರಮಾಣು ಇಂಧನವನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಸೀಮೆಎಣ್ಣೆಯಂಥ ದ್ರಾವಕದಲ್ಲಿ ನೂರಕ್ಕೆ 30 ಭಾಗ ಟ್ರೈಬ್ಯೂಟೈಲ್ ಫಾಸ್ಫೇಟ್ ಬೆರೆಸಿ ಕಲಕಿದರೆ ಆರು ಸಂಯೋಜಕತೆಯ ಯುರೇನಿಯಂ, ನಾಲ್ಕು ಸಂಯೋಜಕತೆಯ ಪ್ಲುಟೋನಿಯಂ ಎರಡೂ ಎಣ್ಣೆಗೆ ಹೋಗುತ್ತವೆ, ವಿದಳನದಿಂದ ಹುಟ್ಟಿದ ಲ್ಯಾಂಥನೈಡುಗಳು ಆಮ್ಲದಲ್ಲೇ ಉಳಿಯುತ್ತವೆ. ಆಮೇಲೆ ಪ್ಲುಟೋನಿಯಮ್ಮನ್ನು ಮೂರು ಸಂಯೋಜಕತೆಗೆ ಅಪಕರ್ಷಿಸಿದರೆ ಅದೊಂದೇ ನೀರಿಗೆ ಮರಳುತ್ತದೆ. ಇಲ್ಲಿ ಬೇರ್ಪಡಿಕೆ ನಿಂತಿರುವುದು ಸಂಯೋಜಕತೆಯ ದೊಡ್ಡ ವ್ಯತ್ಯಾಸದ ಮೇಲೆ. ಸೀರಿಯಮ್ಮನ್ನು ನಾಲ್ಕಕ್ಕೆ ಏರಿಸಿಯೋ ಯುರೋಪಿಯಮ್ಮನ್ನು ಎರಡಕ್ಕೆ ಇಳಿಸಿಯೋ ಉಳಿದ ಲ್ಯಾಂಥನೈಡುಗಳಿಂದ ಬಿಡಿಸುವುದು ಇದಕ್ಕೆ ಹತ್ತಿರದ ಉದಾಹರಣೆ. ಟ್ರಾಂಬೆಯ ಪ್ಲುಟೋನಿಯಂ ಸ್ಥಾವರ 1964ರಲ್ಲಿ ಇದೇ ವಿಧಾನದಿಂದ ಕೆಲಸ ಆರಂಭಿಸಿತು. ಅಲ್ಲಿ ವಿಕಿರಣವೇ ದ್ರಾವಕವನ್ನು ಮುರಿದು ಡೈಬ್ಯೂಟೈಲ್ ಫಾಸ್ಫೇಟ್ ಹುಟ್ಟಿಸುವುದರಿಂದ, ಅದು ಪ್ಲುಟೋನಿಯಮ್ಮನ್ನು ಬಿಗಿಯಾಗಿ ಹಿಡಿದುಕೊಳ್ಳದಂತೆ ದ್ರಾವಕವನ್ನು ಸೋಡಿಯಂ ಕಾರ್ಬೊನೇಟಿನಿಂದ ಮತ್ತೆ ಮತ್ತೆ ತೊಳೆಯಬೇಕಾಗುತ್ತದೆ.

ನಿಜವಾಗಿ ಹೋಲುವ ಜೋಡಿ ಬೇಕೆಂದರೆ ಅಮೆರಿಸಿಯಂ ಮತ್ತು ಲ್ಯಾಂಥನೈಡುಗಳನ್ನು ಹೇಳಬೇಕಿತ್ತು. ಅಮೆರಿಸಿಯಂ ಅಯಾನೂ ಮೂರು ಆವೇಶದ್ದೇ, ಅದರ ತ್ರಿಜ್ಯ ಸುಮಾರು 97.5 ಪಿಕೋಮೀಟರ್, ನಿಯೋಡಿಮಿಯಂನದು ಸುಮಾರು 98.3. ಪ್ಯುರೆಕ್ಸ್‌ನ ನಂತರ ಉಳಿಯುವ ಆಮ್ಲದಲ್ಲಿ ಇವೆಲ್ಲ ಒಟ್ಟಿಗಿರುತ್ತವೆ, ಮತ್ತು ಲ್ಯಾಂಥನೈಡುಗಳ ಪ್ರಮಾಣವೇ ಬಹಳ ಹೆಚ್ಚು. 432 ವರ್ಷಗಳ ಅರ್ಧಾಯುಷ್ಯದ ಅಮೆರಿಸಿಯಂ-241 ಅನ್ನು ಮತ್ತೆ ರಿಯಾಕ್ಟರಿನಲ್ಲಿ ಸುಡಬೇಕೆಂದರೆ ನ್ಯೂಟ್ರಾನುಗಳನ್ನು ನುಂಗುವ ಲ್ಯಾಂಥನೈಡುಗಳಿಂದ ಅದನ್ನು ಮೊದಲು ಬಿಡಿಸಬೇಕು. 1960ರ ದಶಕದಲ್ಲಿ ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದಲ್ಲಿ ರೂಪುಗೊಂಡ ಟ್ಯಾಲ್‌ಸ್ಪೀಕ್ ವಿಧಾನದಲ್ಲಿ ನಮ್ಮ ಕಿಟ್‌ನ ಇದೇ ಡಿಇಎಚ್‌ಪಿಎ ಲ್ಯಾಂಥನೈಡುಗಳನ್ನು ಎಣ್ಣೆಗೆ ಎಳೆಯುತ್ತದೆ. ಲ್ಯಾಕ್ಟಿಕ್ ಆಮ್ಲದ ದ್ರಾವಣದಲ್ಲಿರುವ ಡಿಟಿಪಿಎ ಎಂಬ ಸಂಯುಕ್ತ ಅಮೆರಿಸಿಯಂ, ಕ್ಯೂರಿಯಮ್ಮುಗಳನ್ನು ನೀರಿನಲ್ಲೇ ಹಿಡಿದಿಡುತ್ತದೆ. ಡಿಟಿಪಿಎಯ ನೈಟ್ರೋಜನ್ ಪರಮಾಣುಗಳು ಅಮೆರಿಸಿಯಂನಂಥ 5ಎಫ್ ಧಾತುಗಳೊಂದಿಗೆ ಸ್ವಲ್ಪ ಹೆಚ್ಚು ಬಲವಾಗಿ ಬೆಸೆಯುವುದೇ ಇದರ ಆಧಾರ. ಅಂದರೆ ವಿಕಿರಣಶೀಲ ಧಾತುವನ್ನು ಮುಟ್ಟದೆಯೇ ಆ ವಿಧಾನದ ಅರ್ಧ ಭಾಗವನ್ನು ನಮ್ಮ ಮಕ್ಕಳು ಫನೆಲ್‌ನಲ್ಲಿ ಕುಲುಕಿ ನೋಡಿರುತ್ತಾರೆ. ಕೈಪಿಡಿ ಬರೆದವರು ಕೈಗೆಟುಕಿದ್ದ ಈ ಅವಕಾಶವನ್ನು ಬಿಟ್ಟುಕೊಟ್ಟಿದ್ದಾರೆ. ಕೈಗಾದ ರಿಯಾಕ್ಟರುಗಳ ಇಂಧನಕ್ಕೆ ಬೇಕಾದ ಜಿರ್ಕೋನಿಯಂ ಕೊಳವೆಗಳಿಗಾಗಿ ಹೈದರಾಬಾದಿನಲ್ಲಿ ಹ್ಯಾಫ್ನಿಯಮ್ಮನ್ನು ಬೇರ್ಪಡಿಸುವುದೂ ಟ್ರೈಬ್ಯೂಟೈಲ್ ಫಾಸ್ಫೇಟಿನಿಂದಲೇ. ಕರ್ನಾಟಕದ ವಿದ್ಯಾರ್ಥಿಗಳಿಗಾಗಿ ಬರೆದ ಪುಸ್ತಿಕೆಯಲ್ಲಿ ಅದಕ್ಕೂ ಒಂದು ಪುಟ ಕೊಡಬಹುದಿತ್ತು.

ತ್ಯಾಜ್ಯದ ಬಗ್ಗೆ ಕೈಪಿಡಿ ಏನೂ ಹೇಳುವುದಿಲ್ಲ. ಇಲ್ಲಿನ ಹಲವು ತೊರೆಗಳು ಕಾವೇರಿಯನ್ನು ಸೇರುವವು. ಎಣ್ಣೆಯನ್ನಾಗಲಿ ಆಮ್ಲವನ್ನಾಗಲಿ ತೊಟ್ಟಿಗೆ ಸುರಿಯುವುದನ್ನು ನಾವು ಯಾವ ಕಾರಣಕ್ಕೂ ಒಪ್ಪುವುದಿಲ್ಲ. ನೀರಿನ ಪದರಗಳನ್ನೆಲ್ಲ ಒಂದು ಬಾಟಲಿಯಲ್ಲಿ ಕೂಡಿಸಿ, ಆಮ್ಲತೆ ತಗ್ಗಿಸಿ, ಆಕ್ಸಾಲಿಕ್ ಆಮ್ಲ ಸೇರಿಸಿದರೆ ವಿರಳ ಭೂಧಾತುಗಳು ಆಕ್ಸಲೇಟುಗಳಾಗಿ ಅವಕ್ಷೇಪಗೊಳ್ಳುತ್ತವೆ. ಸೋಸಿ ಒಣಗಿಸಿ ಫರ್ನೇಸಿನಲ್ಲಿ ಕಾಯಿಸಿದರೆ ಆಕ್ಸೈಡು ದೊರೆಯುತ್ತದೆ, ಅದನ್ನು ಆಮ್ಲದಲ್ಲಿ ಕರಗಿಸಿ ಮುಂದಿನ ತಂಡಕ್ಕೆ ಬಳಸಬಹುದು. ಸ್ಟ್ರಿಪ್ ಮಾಡಿದ ಎಣ್ಣೆಯನ್ನೂ ನೀರಿನಿಂದ ತೊಳೆದಿಟ್ಟುಕೊಂಡರೆ ಮತ್ತೆ ಬಳಕೆಗೆ ಬರುತ್ತದೆ.

ಒಟ್ಟಾರೆ ಕಿಟ್ ಕೊಳ್ಳುವುದಕ್ಕಿಂತ ಮಿಕ್ಸರ್-ಸೆಟ್ಲರ್, ಫನೆಲ್‌ಗಳು ಮತ್ತು ಮೂರು ಲವಣಗಳನ್ನು ಬಿಡಿಯಾಗಿ ಕೊಡಿ ಎಂದು ಕೇಳಿ. ನಾವು ವಿಚಾರಿಸಿದಾಗ ಹಾಗೆ ಕೊಡಲು ಅವರು ಒಪ್ಪಿದರು, ಬೆಲೆಯೂ ಸ್ವಲ್ಪ ತಗ್ಗುತ್ತದೆ. ಉಳಿದ ಹಣದಲ್ಲಿ ಡಿಇಎಚ್‌ಪಿಎ ಇನ್ನೊಂದು ಬಾಟಲಿ, ಟೆಫ್ಲಾನ್ ಕೊಳವೆ ಮತ್ತು ಮೋಟರುಗಳಿಗೆ ಒಂದು ಸಣ್ಣ ಯುಪಿಎಸ್ ತರಿಸಿಕೊಳ್ಳಬಹುದು.